ನಾಲೆ, ವಾಹಿನಿ, ತೂಬು: ಒಂದೇ ‘ಚಾನೆಲ್’ಗೆ ಎಷ್ಟು ಕನ್ನಡ?

ಮಂಡ್ಯ ಸೀಮೆಯಲ್ಲಿ ‘ಚಾನೆಲ್‌ಗೆ ನೀರು ಬಿಟ್ಟರಾ?’ ಎಂದು ಕೇಳಿದರೆ ಅದು ವಿಶ್ವೇಶ್ವರಯ್ಯ ನಾಲೆಯ ಮಾತು. ಅದೇ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ‘ನಾಲ್ಕಿಂಚಿನ ಚಾನೆಲ್ ಎರಡು ಲೆಂತ್ ಬೇಕು’ ಎಂದರೆ ಕಬ್ಬಿಣ. ಬಡಗಿಗೆ ಚಾನೆಲ್ ಎಂದರೆ ಡ್ರಾಯರ್ ಜಾರುವ ಪಟ್ಟಿ, ಕೇಬಲ್‌ನವರಿಗೆ ತಿಂಗಳ ಬಿಲ್ಲು, ವೈಫೈ ಹಾಕಲು ಬಂದವರಿಗೆ 1, 6, 11 ಎಂಬ ಅಂಕಿ. ಬಿ.ಪಿ. ಮಾತ್ರೆಯ ವಿವರಣೆಯಲ್ಲಿ ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಎಂದು ಬರೆದಿರುತ್ತದೆ.

ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ಎದುರಿಗೆ ವಸ್ತು ಇರುತ್ತದೆ, ಅದೇ ಅರ್ಥ ಹೇಳಿಬಿಡುತ್ತದೆ. ತೊಡಕು ಇರುವುದು ಬರಹದಲ್ಲಿ. 2021–22ರ ಸಾಲಿನಿಂದ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಅವಕಾಶ ಕೊಟ್ಟಿತು. ಪಠ್ಯಗಳನ್ನು ಕನ್ನಡಕ್ಕೂ ತರಲು ಅದು ‘ಅನುವಾದಿನಿ’ ಎಂಬ ಯಂತ್ರಾನುವಾದದ ಸಾಧನವನ್ನು ಬಳಸುತ್ತಿದೆ. 2022ರಲ್ಲಿ ಕೇಂದ್ರ ಸರ್ಕಾರದ ‘ಭಾಷಿಣಿ’ ಬಂತು. ಔಷಧಿ ಚೀಟಿ, ಪಂಪಿನ ಕೈಪಿಡಿ, ಸರ್ಕಾರಿ ಸುತ್ತೋಲೆ ಎಲ್ಲವೂ ಇಂಥ ಸಾಧನಗಳ ಮೂಲಕ ಹಾದು ಕನ್ನಡಕ್ಕೆ ಬರುವ ದಿನಗಳು ಇವು. ಯಂತ್ರಕ್ಕೆ ಪದ ಕಾಣುತ್ತದೆ, ಅಕ್ಕಪಕ್ಕದ ವಾಕ್ಯ ಕಾಣುತ್ತದೆ, ವಸ್ತು ಕಾಣುವುದಿಲ್ಲ. ಅದನ್ನು ತಿದ್ದಲು ಕೂತ ಮನುಷ್ಯರಿಗೂ ವಸ್ತು ಗೊತ್ತಿಲ್ಲದಿದ್ದರೆ ಎಲ್ಲ ಕಡೆಯೂ ‘ವಾಹಿನಿ’ಯೋ ‘ಕಾಲುವೆ’ಯೋ ಕೂತುಬಿಡುತ್ತದೆ.

ಆದ್ದರಿಂದ ಪದಕೋಶ ತೆರೆಯುವ ಮೊದಲು ಒಂದೊಂದು ಚಾನೆಲ್‌ನಲ್ಲೂ ಏನು ಹರಿಯುತ್ತದೆ, ಅದರ ದಂಡೆ ಯಾವುದು, ಬಾಗಿಲು ಯಾರ ಕೈಯಲ್ಲಿದೆ ಎಂದು ನೋಡಬೇಕು. ಯಾವ ಕ್ಷೇತ್ರಕ್ಕೆ ಹೋದರೂ ಚಾನೆಲ್ ಕೆಡುವುದು ಹೆಚ್ಚಾಗಿ ದಂಡೆಯಲ್ಲಿ. ದಂಡೆ ಗೊತ್ತಾದರೆ ಕನ್ನಡ ಪದವೂ ತಾನಾಗಿ ಸಿಗುತ್ತದೆ.

ಜೊಂಡಿನಿಂದ ಹುಟ್ಟಿದ ಪದ

ಲ್ಯಾಟಿನ್ನಿನ ‘ಕನ್ನಾ’ ಎಂದರೆ ಜೊಂಡು, ಒಳಗೆ ಟೊಳ್ಳಿರುವ ಕಡ್ಡಿ. ಅದರಿಂದ ‘ಕನಾಲಿಸ್’, ಅಂದರೆ ಕೊಳವೆ, ತೋಡು. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಚಾನೆಲ್ ಆಯಿತು. ಕೆನಾಲ್ ಕೂಡ ಅದೇ ಬೇರಿನದು, ಎರಡೂ ಅಕ್ಕತಂಗಿಯರು.

ನಮ್ಮಲ್ಲೂ ಕಥೆ ಇದೇ. ಸಂಸ್ಕೃತದಲ್ಲಿ ‘ನಡ’ ಎಂದರೆ ಜೊಂಡು, ‘ನಾಲ’ ಎಂದರೆ ತಾವರೆಯ ಟೊಳ್ಳು ದಂಟು. ನಾಳ, ನಳಿಕೆ, ನಾಲೆ, ಕೈ ಹಿಡಿದು ನೋಡುವ ನಾಡಿ ಎಲ್ಲವೂ ಈ ಬಳಗದವು. ‘ಕಾಲುವೆ’ ಮಾತ್ರ ದ್ರಾವಿಡ ಮನೆಯದು. ತಮಿಳಿನ ಕಾಲ್ವಾಯ್, ತೆಲುಗಿನ ಕಾಲುವ ಅದರ ನೆಂಟರು. ಎರಡು ದೂರದ ಭಾಷೆಗಳು ಒಂದೇ ಗಿಡವನ್ನು ನೋಡಿ ಒಂದೇ ವಸ್ತುವಿಗೆ ಹೆಸರಿಟ್ಟಿವೆ ಎಂದರೆ ಮೂಲ ಕಲ್ಪನೆ ಸ್ಪಷ್ಟ: ಸುತ್ತ ಗಟ್ಟಿ ಗೋಡೆ, ನಡುವೆ ಟೊಳ್ಳು.

ನಾಲೆ: ಮೇಲಿನವರಿಗೆ ನೀರು, ಕೊನೆಯವರಿಗೆ ಕಾಯುವಿಕೆ

ಚಾನೆಲ್ ಎಂಬ ಪದ ಕರ್ನಾಟಕದಲ್ಲಿ ಅತಿ ಹೆಚ್ಚು ಜನರ ಬದುಕನ್ನು ತಟ್ಟುವುದು ನೀರಾವರಿಯಲ್ಲಿ. ವಿಷಯವೂ ಬಿಸಿಯಾಗಿದೆ. ನಾಲೆಯಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು 2024ರಲ್ಲಿ ವಿಧಾನಮಂಡಲ ಕರ್ನಾಟಕ ನೀರಾವರಿ ತಿದ್ದುಪಡಿ ಕಾನೂನನ್ನು ಒಪ್ಪಿತು. ಅದೇ ವರ್ಷದ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಹೂಳು ತುಂಬಿದ್ದರಿಂದ ಆ ಜಲಾಶಯದ ಸಂಗ್ರಹ ಸಾಮರ್ಥ್ಯ ಈಗ 105.788 ಟಿಎಂಸಿಗೆ ಇಳಿದಿದೆ. ಅದರ ಎಡದಂಡೆ ನಾಲೆ ಸುಮಾರು 227 ಕಿ.ಮೀ. ಉದ್ದ. ಕೊನೆ ಭಾಗದ ರಾಯಚೂರು, ಮಾನ್ವಿ ಕಡೆಯವರಿಗೆ ನೀರು ತಲುಪಲಿಲ್ಲ ಎಂಬ ದೂರು ವರ್ಷವರ್ಷವೂ ಬರುತ್ತದೆ.

ಕೊನೆಗೆ ನೀರು ಹೋಗದಿರಲು ಮೇಲಿನವರ ಪಂಪ್‌ಸೆಟ್ಟೊಂದೇ ಕಾರಣವಲ್ಲ. ನಾಲೆಯ ಒಳಮೈಯ ಒರಟುತನ ಅಷ್ಟೇ ದೊಡ್ಡ ಕಾರಣ. ಎಂಜಿನಿಯರುಗಳು ಇದನ್ನು ಮ್ಯಾನಿಂಗ್ ಸೂತ್ರದಿಂದ ಲೆಕ್ಕ ಹಾಕುತ್ತಾರೆ. ಒರಟುತನದ ಅಂಕಿ ದುಪ್ಪಟ್ಟಾದರೆ ನೀರಿನ ವೇಗ ಅರ್ಧವಾಗುತ್ತದೆ.

ಒಂದು ಉಪಕಾಲುವೆಯನ್ನು ತೆಗೆದುಕೊಳ್ಳೋಣ. ತಳದ ಅಗಲ 1 ಮೀಟರ್, ನೀರಿನ ಆಳ 60 ಸೆಂ.ಮೀ., ಎರಡೂ ದಂಡೆ 45 ಡಿಗ್ರಿ ಓರೆ, ಇಳಿಜಾರು 2000 ಮೀಟರಿಗೆ 1 ಮೀಟರ್. ನುಣುಪಾದ ಕಾಂಕ್ರೀಟ್ ಇದ್ದರೆ ಒರಟುತನದ ಅಂಕಿ 0.015, ಆಗ ಅದರಲ್ಲಿ ಸುಮಾರು 25 ಕ್ಯೂಸೆಕ್ ಹರಿಯುತ್ತದೆ. ಸರಿಯಾಗಿಟ್ಟ ಮಣ್ಣಿನ ಕಾಲುವೆಗೆ ಅಂಕಿ 0.025, ಹರಿವು 15 ಕ್ಯೂಸೆಕ್. ಜೊಂಡು, ಹುಲ್ಲು ಬೆಳೆದು ಅಂಕಿ 0.05 ಆದರೆ ಉಳಿಯುವುದು ಏಳೂವರೆ. ಕಾಲುವೆ ಅದೇ ಅಗಲ, ನೀರು ಅದೇ ಎತ್ತರ, ಸಾಗುವುದು ಮಾತ್ರ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಪದಕ್ಕೆ ಹೆಸರು ಕೊಟ್ಟ ಗಿಡವೇ ಇಲ್ಲಿ ದಾರಿ ಕಟ್ಟುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, ದಿನಪೂರ್ತಿ ಹರಿದರೆ ಒಂದು ಎಕರೆಯ ಮೇಲೆ ಹೆಚ್ಚುಕಡಿಮೆ ಎರಡು ಅಡಿ ನೀರು ನಿಲ್ಲುತ್ತದೆ. ಹಾಗಾಗಿ ಆ ಹದಿನೇಳೂವರೆ ಕ್ಯೂಸೆಕ್ ನಷ್ಟ ಎಷ್ಟು ಗದ್ದೆಯದು ಎಂಬುದನ್ನು ರೈತರೇ ಲೆಕ್ಕ ಹಾಕಬಲ್ಲರು.

ಇದರ ಮೇಲೆ ಬಸಿಯುವ ನೀರು. ವಿನ್ಯಾಸದ ಹಳೆಯ ಲೆಕ್ಕದಂತೆ, ನೀರು ತಾಗುವ ಪ್ರತಿ ಹತ್ತು ಲಕ್ಷ ಚದರ ಅಡಿಗೆ ಮಣ್ಣಿನ ಕಾಲುವೆಯಲ್ಲಿ 8 ಕ್ಯೂಸೆಕ್, ಲೈನಿಂಗ್ (ಒಳಮೈಗೆ ಕಾಂಕ್ರೀಟ್ ಹೊದಿಕೆ) ಇದ್ದರೆ 2 ಕ್ಯೂಸೆಕ್ ಇಂಗುತ್ತದೆ. ಮೇಲಿನ ಉಪಕಾಲುವೆ 10 ಕಿ.ಮೀ. ಉದ್ದವಿದ್ದರೆ ಮಣ್ಣಿನಲ್ಲಿ 2.3 ಕ್ಯೂಸೆಕ್, ಲೈನಿಂಗ್‌ನಲ್ಲಿ ಅರ್ಧ ಕ್ಯೂಸೆಕ್‌ಗಿಂತ ತುಸು ಹೆಚ್ಚು ಹೋಗುತ್ತದೆ. ಬಸಿದದ್ದೆಲ್ಲ ವ್ಯರ್ಥವೂ ಅಲ್ಲ. ಅದರಿಂದಲೇ ಸುತ್ತಲಿನ ಬಾವಿ, ಕೊಳವೆಬಾವಿಗಳು ತುಂಬುತ್ತವೆ. ಅತಿಯಾದರೆ ಗದ್ದೆ ಜೌಗಾಗಿ ಸವಳು ಮೇಲೇಳುತ್ತದೆ. ಆ ಹೆಚ್ಚುವರಿ ನೀರನ್ನು ಹೊರಗೊಯ್ಯಲು ‘ಬಸಿಗಾಲುವೆ’ ಬೇಕು. ತರುವುದಕ್ಕೆ ಹೊಲಗಾಲುವೆ, ತೆಗೆಯುವುದಕ್ಕೆ ಬಸಿಗಾಲುವೆ. ಇಂಗ್ಲಿಷ್ ಎರಡನ್ನೂ ಚಾನೆಲ್ ಎನ್ನಬಹುದು. ಕನ್ನಡ ಹಿಂದೆಯೇ ಬೇರೆ ಮಾಡಿಟ್ಟಿದೆ.

ಲೈನಿಂಗ್ ಹಾಕಿದ ಕೂಡಲೇ ಎಲ್ಲ ಮುಗಿಯಿತೆಂದೂ ಅಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ; ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಸಿದರೆ ಹಲಗೆಗಳು ಎತ್ತಿಕೊಂಡು ಒಡೆಯುತ್ತವೆ. ಇದಕ್ಕೆ ಐಐಟಿ ಬಾಂಬೆಯ ಆರ್.ಕೆ. ಕಟ್ಟಿ ಅವರು ಕಂಡುಕೊಂಡ ಉಪಾಯ, ಲೈನಿಂಗಿನ ಕೆಳಗೆ ಉಬ್ಬದ, ಆದರೆ ಅಂಟು ಗುಣವಿರುವ ಮಣ್ಣಿನ ಪದರ. ಮಲಪ್ರಭಾ ನಾಲೆಯಲ್ಲಿ ಇದನ್ನು ಬಳಸಲಾಯಿತು. ಮಣ್ಣಿನ ಉಬ್ಬುವ ಒತ್ತಡ ನೋಡಿಕೊಂಡು ಪದರ ಸಾಮಾನ್ಯವಾಗಿ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ದಪ್ಪ ಇರಬೇಕು. ಗುತ್ತಿಗೆಯಲ್ಲಿ ಮೊದಲು ತೆಳುವಾಗುವುದು ಈ ಪದರವೇ, ಏಕೆಂದರೆ ಕೆಲಸ ಮುಗಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ತಪ್ಪು, ನಾಲೆಯ ನೀರನ್ನು ಒಮ್ಮೆಲೇ ನಿಲ್ಲಿಸುವುದು. ದಂಡೆಯ ಹಿಂದಿನ ಮಣ್ಣಿನಲ್ಲಿ ಇನ್ನೂ ನೀರಿರುತ್ತದೆ. ಎದುರು ಒತ್ತಡ ಇಲ್ಲವಾದಾಗ ಅದು ಕಾಂಕ್ರೀಟನ್ನು ಒಳಮುಖವಾಗಿ ತಳ್ಳುತ್ತದೆ. ಬಸಿರಂಧ್ರ ಬಿಡಬೇಕು, ಮಟ್ಟವನ್ನು ಹಂತ ಹಂತವಾಗಿ ಇಳಿಸಬೇಕು.

ನುಣುಪಾದ ದಂಡೆಗೆ ಇನ್ನೊಂದು ಬೆಲೆಯಿದೆ. ಲೈನಿಂಗ್ ಆದ ನಾಲೆಗೆ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಪಾಚಿ ಕಟ್ಟಿದ ಓರೆಯಲ್ಲಿ ಕಾಲು ನಿಲ್ಲುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ತೀರಿಕೊಂಡರು. ರಸ್ತೆ ಪಕ್ಕದ ನಾಲೆಗೆ ತಡೆಗೋಡೆ, ಅಲ್ಲಲ್ಲಿ ಇಳಿದು ಹತ್ತುವ ಮೆಟ್ಟಿಲು, ಅಡ್ಡ ಕಟ್ಟಿದ ಹಗ್ಗ ಅಲಂಕಾರಕ್ಕಲ್ಲ. ಅವು ನಾಲೆಯ ಅಂಗಗಳೇ. ಅಂದಾಜುಪಟ್ಟಿಯಲ್ಲಿ ಅವುಗಳನ್ನು ಕೊನೆಯ ಸಾಲಿಗೆ ತಳ್ಳಬಾರದು.

ರಾಜಕಾಲುವೆ: ತಲೆಕೆಳಗಾದ ಲೆಕ್ಕ

ಬೆಂಗಳೂರಿನ ರಾಜಕಾಲುವೆಯನ್ನೂ ಕಾಲುವೆ ಎನ್ನುತ್ತೇವೆ. ಆದರೆ ಅದರ ಕೆಲಸ ನಾಲೆಗೆ ತಿರುವುಮುರುವು. ನೀರಾವರಿ ನಾಲೆ ಹಂಚುತ್ತಾ ಹೋಗುತ್ತದೆ, ಆದ್ದರಿಂದ ಮುಂದೆ ಹೋದಂತೆ ಕಿರಿದಾಗುತ್ತದೆ. ರಾಜಕಾಲುವೆ ಕೂಡಿಸಿಕೊಳ್ಳುತ್ತಾ ಹೋಗುತ್ತದೆ, ಆದ್ದರಿಂದ ಮುಂದೆ ಹೋದಂತೆ ಅಗಲವಾಗಬೇಕು. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಲ್ಲಿ ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಸಾಗುವಂತೆ ಇದ್ದ ಸರಪಳಿ ಇದು. ಕೆಳಭಾಗದಲ್ಲಿ ಒತ್ತುವರಿಯಾದರೆ, ಇಲ್ಲವೇ ರಸ್ತೆ ದಾಟುವಲ್ಲಿ ಹಳೆಯ ಸಣ್ಣ ಮೋರಿಯೇ ಉಳಿದರೆ, ಅಗಲವಾಗಬೇಕಾದಲ್ಲೇ ಕತ್ತು ಹಿಚುಕಿದಂತಾಗುತ್ತದೆ. ನೀರು ಹಿಂದಕ್ಕೆ ಏರುತ್ತದೆ, ಮುಳುಗುವುದು ಮೇಲಿನ ಬಡಾವಣೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಭಾಗ ಮತ್ತು ಹೊರವರ್ತುಲ ರಸ್ತೆ ಮುಳುಗಿದಾಗ ಊರೆಲ್ಲ ಮಾತಾಡಿದ್ದು ಈ ಕಾಲುವೆಗಳ ಬಗ್ಗೆಯೇ.

ಇಲ್ಲಿ ದಂಡೆ ಎಂದರೆ ಗೋಡೆಯಷ್ಟೇ ಅಲ್ಲ, ಗೋಡೆಯಾಚೆಯ ಮೀಸಲು ಜಾಗವೂ ಹೌದು. 2015ರ ಪರಿಷ್ಕೃತ ಮಹಾಯೋಜನೆ ಪ್ರಥಮ, ದ್ವಿತೀಯ, ತೃತೀಯ ಹಂತದ ಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರ್ ಬಿಡಬೇಕೆಂದಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಎಂದು ಹೆಚ್ಚಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ಕಾಗದದ ಮೇಲೆ ಈ ಮೀಟರುಗಳು ಕುಗ್ಗಿದಷ್ಟೂ ಮಳೆಗಾಲದಲ್ಲಿ ಕಾಲುವೆ ತನ್ನ ದಂಡೆಯನ್ನು ಮನೆಗಳೊಳಗೆ ಹುಡುಕಿಕೊಂಡು ಬರುತ್ತದೆ. ಕೈಪಿಡಿಯಲ್ಲಿ ಇಂಥದ್ದನ್ನು ಬರಿಯ ‘ಚಾನೆಲ್’ ಎಂದು ಬಿಟ್ಟರೆ ಓದುವವರಿಗೆ ಮುಖ್ಯ ವಿಷಯವೇ ತಪ್ಪುತ್ತದೆ. ಮಳೆನೀರಿನದಾದರೆ ರಾಜಕಾಲುವೆ ಅಥವಾ ಮಳೆನೀರುಗಾಲುವೆ, ಮನೆಮುಂದಿನದಾದರೆ ಚರಂಡಿ, ರಸ್ತೆ ಕೆಳಗಿನದಾದರೆ ಮೋರಿ.

ಗಾಳಿಯಲ್ಲಿ ಎಳೆದ ದಂಡೆ

ವೈಫೈ ಚಾನೆಲ್‌ಗೆ ಗೋಡೆಯಿಲ್ಲ. ಅದರ ದಂಡೆ ಎಂದರೆ ತರಂಗಾಂತರದ ಎರಡು ಅಂಚು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಭಾರತದಲ್ಲಿ 13 ಚಾನೆಲ್‌ಗಳಿವೆ. ಒಂದನೆಯದರ ನಡುಬಿಂದು 2412 ಮೆಗಾಹರ್ಟ್ಸ್, ಮುಂದಿನದಕ್ಕೆ 5 ಸೇರಿಸುತ್ತಾ ಹೋಗಿ ಹದಿಮೂರನೆಯದು 2472. ಆದರೆ ಪ್ರತಿ ಚಾನೆಲ್‌ನ ಅಗಲ ಸುಮಾರು 20 ಮೆಗಾಹರ್ಟ್ಸ್. ಐದೈದರ ಅಂತರದಲ್ಲಿ ಇಪ್ಪತ್ತರ ಅಗಲ ಇಟ್ಟರೆ ಒಂದರ ಮೇಲೊಂದು ಬೀಳದೆ ಇರುತ್ತದೆಯೇ? ಒಂದಕ್ಕೊಂದು ತಾಗದೆ ನಿಲ್ಲುವ ಮೂರು ಎಂದರೆ 1, 6, 11.

ಅಪಾರ್ಟ್‌ಮೆಂಟುಗಳಲ್ಲಿ ಆಗುವ ಸಾಮಾನ್ಯ ತಪ್ಪು, 1 ಮತ್ತು 6 ಎರಡರಲ್ಲೂ ದಟ್ಟಣೆ ಕಂಡು ನಡುವಿನ 3ಕ್ಕೆ ಇಡುವುದು. ಒಂದೇ ಚಾನೆಲ್‌ನಲ್ಲಿರುವ ಎರಡು ರೌಟರ್‌ಗಳು ಪರಸ್ಪರರ ಮಾತು ಕೇಳಿಸಿಕೊಂಡು ಸರದಿಯಲ್ಲಿ ಕಳಿಸುತ್ತವೆ. ಅರ್ಧ ಮೇಲೆ ಬಿದ್ದ ಚಾನೆಲ್‌ನವುಗಳಿಗೆ ಪಕ್ಕದ ಮಾತು ಅರ್ಥವಾಗದ ಗದ್ದಲವಾಗಿ ಬರುತ್ತದೆ, ಕಳಿಸಿದ್ದು ಕೆಡುತ್ತದೆ, ಮತ್ತೆ ಕಳಿಸಬೇಕಾಗುತ್ತದೆ. 3ಕ್ಕೆ ಇಟ್ಟವರು ಎರಡೂ ಕಡೆಯ ನೆರೆಯವರನ್ನು ಕೆಡಿಸಿ ತಾವೂ ಕೆಡುತ್ತಾರೆ. ದಟ್ಟಣೆ ಇದ್ದರೂ 1, 6, 11ರಲ್ಲಿ ಒಂದನ್ನೇ ಹಿಡಿಯಿರಿ, ಅಗಲವನ್ನು 40ಕ್ಕೆ ಏರಿಸದೆ 20ರಲ್ಲೇ ಇಡಿ. 12 ಅಥವಾ 13ಕ್ಕೆ ಇಟ್ಟರೆ ಅಮೆರಿಕಕ್ಕೆಂದು ತಯಾರಾದ ಕೆಲವು ಲ್ಯಾಪ್‌ಟಾಪ್‌ಗಳಿಗೆ ನಿಮ್ಮ ವೈಫೈ ಕಾಣುವುದೇ ಇಲ್ಲ. ಮೈಕ್ರೋವೇವ್ ಒಲೆಯ ಕೆಲಸವೂ 2450ರ ಆಸುಪಾಸಿನಲ್ಲೇ, ಆದ್ದರಿಂದ ಅಡುಗೆಮನೆಯ ಪಕ್ಕ ರೌಟರ್ ಬೇಡ. ಹತ್ತಿರದ ಬಳಕೆಗೆ 5 ಗಿಗಾಹರ್ಟ್ಸ್‌ನ 36ರಿಂದ 48, ಅಥವಾ 149ರಿಂದ 165 ಒಳ್ಳೆಯದು. ಗೋಡೆ ದಾಟುವಲ್ಲಿ ಮಾತ್ರ ಅದು ಸೋಲುತ್ತದೆ. 2025ರಲ್ಲಿ ದೂರಸಂಪರ್ಕ ಇಲಾಖೆ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿಯಿಲ್ಲದ ಬಳಕೆಗೆ ಬಿಡುವ ಕರಡು ನಿಯಮ ಹೊರಡಿಸಿತು. ಊರು ಇಕ್ಕಟ್ಟಾದಾಗ ಹೊಸ ಬಡಾವಣೆ ತೆರೆದ ಹಾಗೆ ಇದು.

ನಾಲೆಗೆ ಮ್ಯಾನಿಂಗ್ ಸೂತ್ರ ಇದ್ದಂತೆ ಈ ಚಾನೆಲ್‌ಗೆ ಕ್ಲಾಡ್ ಶ್ಯಾನನ್ ಅವರು 1948ರಲ್ಲಿ ಕೊಟ್ಟ ಸೂತ್ರವಿದೆ. ಎಷ್ಟು ಮಾಹಿತಿ ಹರಿಯಬಹುದು ಎಂಬುದು ಎರಡರ ಮೇಲೆ ನಿಂತಿದೆ: ಚಾನೆಲ್‌ನ ಅಗಲ, ಮತ್ತು ಗದ್ದಲಕ್ಕಿಂತ ಸಂಕೇತ ಎಷ್ಟು ಪಟ್ಟು ಜೋರು ಎಂಬುದು. 20 ಮೆಗಾಹರ್ಟ್ಸ್ ಅಗಲದಲ್ಲಿ ಸಂಕೇತ ನೂರು ಪಟ್ಟಿದ್ದರೆ ಗರಿಷ್ಠ ಮಿತಿ ಸೆಕೆಂಡಿಗೆ 133 ಮೆಗಾಬಿಟ್. ಹತ್ತು ಪಟ್ಟಾದರೆ 69. ಸಂಕೇತ, ಗದ್ದಲ ಸರಿಸಮವಾದರೆ 20. ಗದ್ದಲ ಇಲ್ಲಿನ ಜೊಂಡು. ಈ ಅರ್ಥದ ಚಾನೆಲ್ ಅನ್ನು ವಾಹಿನಿ ಎಂದರೆ ವಿದ್ಯಾರ್ಥಿಗೆ ಟಿವಿ ನೆನಪಾಗುತ್ತದೆ, ಕಾಲುವೆ ಎಂದರೆ ಗದ್ದೆ. ‘ಚಾನೆಲ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ತರಂಗಾಂತರದ ಒಂದು ಪಟ್ಟಿ’ ಎಂದು ಬಿಡಿಸಿ ಹೇಳುವುದು ನನಗೆ ಸರಿ ಕಾಣುತ್ತದೆ.

ಅಗಲ ಕಳೆದುಕೊಂಡ ವಾಹಿನಿ

ಟಿವಿ ಚಾನೆಲ್ ಕೂಡ ಮೊದಲು ಹೀಗೆಯೇ ಇತ್ತು. ಗುಂಡಿ ತಿರುಗಿಸುವ ಹಳೆಯ ಟಿವಿಯಲ್ಲಿ ಪ್ರತಿ ಅಂಕಿಯೂ ತರಂಗಾಂತರದ ಒಂದು ತುಂಡು. ವಿಎಚ್‌ಎಫ್‌ನಲ್ಲಿ ಅದರ ಅಗಲ 7 ಮೆಗಾಹರ್ಟ್ಸ್. ಡಿಜಿಟಲ್ ಬಂದ ಮೇಲೆ ಉಪಗ್ರಹದ 36 ಮೆಗಾಹರ್ಟ್ಸ್‌ನ ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ (ಸಂಕೇತ ಪಡೆದು ಮರಳಿ ಕಳಿಸುವ ಘಟಕ) ಹಲವಾರು ಚಾನೆಲ್‌ಗಳು ಒಟ್ಟಿಗೆ ಬರತೊಡಗಿದವು. ಚಾನೆಲ್ ಎಂದರೆ ಜಾಗ ಎಂಬುದು ಹೋಗಿ ಹೆಸರು ಎಂದಾಯಿತು. ಸೆಟ್‌ಟಾಪ್ ಬಾಕ್ಸಿನ ಅಂಕಿ ಬರಿಯ ಮನೆ ನಂಬರು. ಹಳೆಯ ಅಗಲದ ನೆನಪು ಬಿಲ್ಲಿನಲ್ಲಿ ಮಾತ್ರ ಉಳಿಯಿತು. 2019ರಲ್ಲಿ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ದರ ನಿಯಮದಲ್ಲಿ ಮೊದಲ 100 ಚಾನೆಲ್‌ಗೆ ತೆರಿಗೆ ಬಿಟ್ಟು 130 ರೂಪಾಯಿ ಮಿತಿ ಇತ್ತು, ಒಂದು ಎಚ್‌ಡಿ ಚಾನೆಲ್ ಎರಡಕ್ಕೆ ಸಮ ಎಂದು ಲೆಕ್ಕ. ಮುಂದೆ ಅದೇ ಮೊತ್ತಕ್ಕೆ 200 ಆಯಿತು. 2024ರಲ್ಲಿ ಆ ಮಿತಿಯನ್ನೇ ತೆಗೆಯಲಾಯಿತು. ಈಗ ಕೇಬಲ್ ಅಥವಾ ಡಿಟಿಎಚ್ ಬಿಲ್ಲಿನಲ್ಲಿ ಸಂಪರ್ಕದ ಶುಲ್ಕ ಎಷ್ಟು, ಚಾನೆಲ್‌ಗಳ ಬೆಲೆ ಎಷ್ಟು ಎಂದು ಬೇರೆ ಬೇರೆ ನೋಡಬೇಕು.

ಇದಕ್ಕೆ ‘ವಾಹಿನಿ’ ಎಂಬ ಪದವನ್ನು ಆರಿಸಿದವರು ಒಳ್ಳೆಯ ಕೆಲಸ ಮಾಡಿದ್ದಾರೆ. ಹರಿಯುವುದು, ಹೊತ್ತೊಯ್ಯುವುದು ಎಂಬ ಅರ್ಥ ಅದರಲ್ಲಿದೆ. ಹಳೆಯ ಕಾವ್ಯಗಳಲ್ಲಿ ನದಿಯೂ ವಾಹಿನಿ, ಸೈನ್ಯವೂ ವಾಹಿನಿ. ಟಿವಿಗೆ ಅದು ಸಲ್ಲುತ್ತದೆ. ಯೂಟ್ಯೂಬ್ ಚಾನೆಲ್‌ಗೆ ತರಂಗಾಂತರವೂ ಇಲ್ಲ, ಪರವಾನಗಿಯ ಕೋಟಾವೂ ಇಲ್ಲ. ಅಲ್ಲಿ ಇಕ್ಕಟ್ಟಾಗಿರುವುದು ನೋಡುವವರ ಹೊತ್ತು, ಬಾಗಿಲು ಇರುವುದು ಶಿಫಾರಸು ಮಾಡುವ ಅಲ್ಗಾರಿದಮ್ ಕೈಯಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ವಾಟ್ಸ್‌ಆ್ಯಪ್ ಚಾನೆಲ್ ಇನ್ನೂ ಬೇರೆ: ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ, ಮಾತಿನಲ್ಲಿ ಉತ್ತರ ಕೊಡುವಂತಿಲ್ಲ. ಊರಿನಲ್ಲಿ ಡಂಗುರ ಸಾರುತ್ತಿದ್ದುದೂ ಹೀಗೆಯೇ. ಪಂಚಾಯಿತಿಗಳು ಇದನ್ನು ಅಹವಾಲು ಕೇಳುವ ಜಾಗವೆಂದು ತಿಳಿದು ತೆರೆದರೆ ದೂರುಗಳು ಬರುವ ದಾರಿಯೇ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಗ್ರೂಪ್ ಅಥವಾ ಸಹಾಯವಾಣಿ.

ಕಬ್ಬಿಣದ ತೋಡು

ವೆಲ್ಡಿಂಗ್ ಅಂಗಡಿಯ ಚಾನೆಲ್‌ನಲ್ಲಿ ಏನೂ ಹರಿಯುವುದಿಲ್ಲ. ಆಕಾರಕ್ಕಾಗಿ ಬಂದ ಹೆಸರು ಅದು, ತೋಡಿನಂತಿರುವ ಕಬ್ಬಿಣ. ನಾಲ್ಕಿಂಚಿನದು ಎಂದರೆ 100 ಮಿ.ಮೀ. ಎತ್ತರ, 50 ಮಿ.ಮೀ. ರೆಕ್ಕೆ, ಮೀಟರಿಗೆ ಒಂಬತ್ತೂವರೆ ಕಿಲೋ ಆಸುಪಾಸು. ಕಡಿಮೆ ತೂಕದ ಮಾಲು ಕೊಟ್ಟಿದ್ದಾರೆಯೇ ಎಂದು ತಿಳಿಯಲು ಒಂದು ಲೆಂತ್ ತೂಗಿ ಉದ್ದದಿಂದ ಭಾಗಿಸಿದರೆ ಸಾಕು.

ಇದನ್ನು ನಿಲ್ಲಿಸಿ ಹಾಕುವುದಕ್ಕೂ ಮಲಗಿಸಿ ಹಾಕುವುದಕ್ಕೂ ಬಾಗುವುದನ್ನು ತಡೆಯುವ ಬಿಗುವಿನಲ್ಲಿ ಸುಮಾರು ಏಳು ಪಟ್ಟು ವ್ಯತ್ಯಾಸ. ಶೀಟಿನ ಮಾಡಿಗೆ ಮಲಗಿಸಿ ಹಾಕಿದ ಚಾನೆಲ್ ಜೋತುಬೀಳುವುದು ಇದರಿಂದಲೇ. ನಿಲ್ಲಿಸಿ ಹಾಕಿದರೂ ಇನ್ನೊಂದು ಕಾಟವಿದೆ. ಮೂರು ಮಗ್ಗುಲಷ್ಟೇ ಇರುವ ಈ ಆಕಾರದಲ್ಲಿ ತಿರುಚಿಕೊಳ್ಳದೆ ಭಾರ ಹೊರುವ ಬಿಂದು ಕಬ್ಬಿಣದ ಮೈಮೇಲೆ ಇಲ್ಲ, ಬೆನ್ನಿನ ಹಿಂದೆ ಬಯಲಿನಲ್ಲಿದೆ. ಹಾಗಾಗಿ ರೆಕ್ಕೆಯ ಮೇಲೆ ಭಾರ ಬಿದ್ದರೆ ಬಾಗುವುದರ ಜೊತೆಗೆ ತಿರುಚುತ್ತದೆ. ಎರಡನ್ನು ಬೆನ್ನಿಗೆ ಬೆನ್ನು ಕೂಡಿಸುವುದು, ಮುಖಕ್ಕೆ ಮುಖ ಇಟ್ಟು ಪೆಟ್ಟಿಗೆ ಮಾಡುವುದು, ಇಲ್ಲವೇ ನಡುನಡುವೆ ಅಡ್ಡಪಟ್ಟಿ ಕೊಡುವುದು ಪರಿಹಾರ. ಬಾಯಿ ಮೇಲಾಗಿ ಮಲಗಿಸಿದ ಚಾನೆಲ್‌ನಲ್ಲಿ ಮಳೆನೀರು ನಿಂತು ತುಕ್ಕು ಹಿಡಿಯುತ್ತದೆ. ಅಡಿಯಲ್ಲಿ ತೂತು ಕೊರೆಯಲು ಮರೆಯಬಾರದು.

ಡ್ರಾಯರ್ ಚಾನೆಲ್‌ನಲ್ಲಿ ಕೆಡುವುದು ಅರ್ಧ ಇಂಚಿನ ಲೆಕ್ಕ. ಟೆಲಿಸ್ಕೋಪಿಕ್ ಚಾನೆಲ್‌ಗೆ ಒಂದೊಂದು ಬದಿಗೂ 12.7 ಮಿ.ಮೀ. ಜಾಗ ಬೇಕು. ಕಪಾಟಿನ ಒಳ ಅಗಲ 450 ಇದ್ದರೆ ಡ್ರಾಯರಿನ ಹೊರ ಅಗಲ 424. ಮೈಕಾ ಅಂಟಿಸುವ ಮೊದಲು ಅಳೆದರೆ ಆ ದಪ್ಪ ಸೇರಿ ಡ್ರಾಯರ್ ಬಿಗಿಯುತ್ತದೆ, ಗುಂಡುಗಳು ಸವೆಯುತ್ತವೆ.

ಜೀವಕೋಶದ ತೂಬು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ವೈದ್ಯಕೀಯದಲ್ಲಿ. ಜೀವಕೋಶದ ಪೊರೆಯಲ್ಲಿರುವ, ಅಯಾನುಗಳನ್ನು (ವಿದ್ಯುದಂಶ ಹೊತ್ತ ಕಣಗಳನ್ನು) ಬಿಡುವ ಅಯಾನ್ ಚಾನೆಲ್ ಸದಾ ತೆರೆದಿರುವ ಕಾಲುವೆಯಲ್ಲ. ಅದು ಪ್ರೋಟೀನಿನಿಂದಾದ, ತೆರೆದು ಮುಚ್ಚುವ ಕಂಡಿ. ವಿದ್ಯುತ್ ಒತ್ತಡ ಬದಲಾದಾಗ ಅಥವಾ ಯಾವುದೋ ರಾಸಾಯನಿಕ ಬಂದು ಕೂತಾಗ ತೆರೆಯುತ್ತದೆ, ಕ್ಷಣದಲ್ಲಿ ಮುಚ್ಚುತ್ತದೆ. ಕೆಲವು ಚಾನೆಲ್‌ಗಳು ಮುಚ್ಚುವ ಬಗೆಯನ್ನು ವಿಜ್ಞಾನಿಗಳು ಸರಪಳಿಗೆ ಕಟ್ಟಿದ ಗುಂಡು ಬಂದು ಬಾಯಿಗೆ ಕೂತಂತೆ ಎಂದು ವಿವರಿಸುತ್ತಾರೆ. ಇದಕ್ಕೆ ಕೆರೆಯ ಕನ್ನಡದಲ್ಲಿ ಹೆಸರಿದೆ: ತೂಬು. ನೀರುಗಂಟಿ ಬೆಣೆ ಎತ್ತಿದರೆ ಹರಿವು, ಇಳಿಸಿದರೆ ನಿಲುಗಡೆ. ಜೀವಶಾಸ್ತ್ರದ ಪಠ್ಯ ಬರೆಯುವವರು ‘ಅಯಾನು ತೂಬು’ ಎಂದರೆ ಹಳ್ಳಿಯ ವಿದ್ಯಾರ್ಥಿಗೆ ಅರ್ಧ ಪಾಠ ಅಲ್ಲೇ ಆಗಿಹೋಗುತ್ತದೆ.

ತೂಬಿಗಿಲ್ಲದ ಒಂದು ಗುಣವೂ ಇದಕ್ಕಿದೆ, ಆರಿಸುವುದು. ಪೊಟ್ಯಾಸಿಯಂ ಚಾನೆಲ್ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಪೊಟ್ಯಾಸಿಯಂ ಅಯಾನುಗಳನ್ನು ಬಿಡಬಲ್ಲದು, ಅವಕ್ಕಿಂತ ಚಿಕ್ಕದಾದ ಸೋಡಿಯಂ ಅನ್ನು ತಡೆಯುತ್ತದೆ. ಚಿಕ್ಕದನ್ನು ತಡೆದು ದೊಡ್ಡದನ್ನು ಬಿಡುವ ಜರಡಿ ಎಲ್ಲಿಯಾದರೂ ಉಂಟೇ? ಗುಟ್ಟು ದಂಡೆಯಲ್ಲಿದೆ. ಅಯಾನು ತನ್ನ ಸುತ್ತಲಿನ ನೀರಿನ ಹೊದಿಕೆ ಕಳಚಿ ಒಳಗೆ ಬರಬೇಕು. ಕಂಡಿಯ ಗೋಡೆಯ ಆಮ್ಲಜನಕ ಪರಮಾಣುಗಳು ಪೊಟ್ಯಾಸಿಯಂನ ಅಳತೆಗೆ ಸರಿಯಾಗಿ ನಿಂತು ಆ ನೀರಿನ ಬದಲು ಆಸರೆ ಕೊಡುತ್ತವೆ. ಸೋಡಿಯಂ ಚಿಕ್ಕದಾದ್ದರಿಂದ ಆ ಆಸರೆ ಅದಕ್ಕೆ ಎಟುಕದು. ಇದರ ರಚನೆಯನ್ನು 1998ರಲ್ಲಿ ತೋರಿಸಿದ ರಾಡ್ರಿಕ್ ಮೆಕಿನನ್ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಮಾತ್ರೆಯ ಚೀಟಿಗೆ ಬರೋಣ. ಅಮ್ಲೋಡಿಪಿನ್ ಒಂದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. ಇದನ್ನು ‘ಕ್ಯಾಲ್ಸಿಯಂ ನಾಳ ತಡೆ’ ಎಂದು ಬರೆದರೆ ರಕ್ತನಾಳವೇ ಕಟ್ಟಿಕೊಂಡಿತೇನೋ ಎಂದು ಭಯವಾದೀತು, ಇಲ್ಲವೇ ಹಾಲು, ರಾಗಿ ಬಿಡಬೇಕೇನೋ ಅನ್ನಿಸೀತು. ಎರಡೂ ತಪ್ಪು. ರಕ್ತನಾಳದ ಗೋಡೆಯ ಸ್ನಾಯುಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗುವ ತೂಬನ್ನು ಅದು ತಗ್ಗಿಸುತ್ತದೆ. ಸ್ನಾಯು ಸಡಿಲವಾಗಿ ನಾಳ ಅಗಲವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಊಟದ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧವಿಲ್ಲ. ಕೆಲವರಿಗೆ ಕಾಲಿನ ಹರಡು ಊದುತ್ತದೆ. ಅದು ಮೈಯಲ್ಲಿ ಉಪ್ಪುನೀರು ನಿಂತದ್ದರಿಂದಲ್ಲ, ಸಣ್ಣ ಅಪಧಮನಿಗಳು ಹಿಗ್ಗಿ ಲೋಮನಾಳದಲ್ಲಿ ಒತ್ತಡ ಏರಿದ್ದರಿಂದ. ಆದ್ದರಿಂದ ಮೂತ್ರ ಹೆಚ್ಚಿಸುವ ಮಾತ್ರೆ ಇದಕ್ಕೆ ಅಷ್ಟಾಗಿ ಹಿಡಿಯದು. ಊತ ಕಂಡರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು. ಚೀಟಿಯಲ್ಲಿ ಬೇಕಿರುವುದು ಒಂದು ಪದವಲ್ಲ, ಈ ಎರಡು ಸಾಲು.

ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಸೋಡಿಯಂ ತೂಬನ್ನು ಒಳಗಿನಿಂದ ಮುಚ್ಚುತ್ತದೆ. ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಮದ್ದು ಪೊರೆ ದಾಟಿ ಒಳಗೆ ಹೋಗುವುದೇ ಕಷ್ಟ. ಅದಕ್ಕೇ ಅಂಥ ಹಲ್ಲಿಗೆ ಇಂಜೆಕ್ಷನ್ ಕೊಟ್ಟರೂ ನೋವು ಉಳಿಯುತ್ತದೆ.

ಕಡಲು, ಕಚೇರಿ

ಕಡಲಿನ ಚಾನೆಲ್‌ಗಳಲ್ಲಿ ಎರಡು ಬಗೆ. 1958ರಲ್ಲಿ ಮಿಹಿರ್ ಸೇನ್, 1959ರಲ್ಲಿ ಆರತಿ ಸಾಹಾ ಈಜಿ ದಾಟಿದ್ದು ಪ್ರಕೃತಿಯೇ ಮಾಡಿಟ್ಟ ಇಂಗ್ಲಿಷ್ ಕಡಲ್ಗಾಲುವೆಯನ್ನು. ಈ ಹಳೆಯ ಪದ ಚೆನ್ನಾಗಿದೆ. ‘ಇಂಗ್ಲಿಷ್ ಚಾನೆಲ್’ ಎಂದರೆ ಸುದ್ದಿ ಓದುವ ಚಾನೆಲ್ ಆದೀತು, ಬರಿಯ ಕಾಲುವೆ ಎಂದರೆ ಸೂಯೆಜ್‌ನಂತೆ ತೋಡಿದ್ದು ಆದೀತು. ಅಂಡಮಾನ್–ನಿಕೋಬಾರ್ ನಡುವಿನ ಹತ್ತು ಡಿಗ್ರಿ ಚಾನೆಲ್‌ಗೂ ಇದೇ ಪದ ಒಪ್ಪುತ್ತದೆ. ಇನ್ನೊಂದು ಬಗೆ, ಹಡಗು ಬಂದರಿಗೆ ಬರಲು ತಳದ ಹೂಳೆತ್ತಿ ಮಾಡಿದ ಆಳದ ದಾರಿ. ನದಿ ಕಡಲು ಸೇರುವ ಜಾಗಕ್ಕೆ ಕರಾವಳಿಯವರು ‘ಅಳಿವೆ ಬಾಗಿಲು’ ಎನ್ನುತ್ತಾರೆ. ಅಲ್ಲಿ ಮರಳು ದಿಬ್ಬ ಕಟ್ಟಿದರೆ ಅಲೆ ಒಡೆದು ದೋಣಿ ಮಗುಚುತ್ತದೆ. ಮೀನುಗಾರರಿಗಾಗಿ ಬರೆಯುವ ಹವಾಮಾನ ಎಚ್ಚರಿಕೆಯಲ್ಲಿ ಆ ಪದವೇ ಇರಬೇಕು.

ಕಚೇರಿಯ ‘ಪ್ರಾಪರ್ ಚಾನೆಲ್’ ಎಂದರೆ ಮೇಲಧಿಕಾರಿಯ ಮೇಜನ್ನು ದಾಟಿ ಹೋಗುವ ದಾರಿ. ‘ಸೂಕ್ತ ಮಾರ್ಗದ ಮೂಲಕ’ ಎಂಬುದು ಆಗಲೇ ರೂಢಿಯಲ್ಲಿದೆ.

ತಿದ್ದುವವರ ಮೇಜಿನಲ್ಲಿ

ಯಂತ್ರಾನುವಾದವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅಷ್ಟು ಪುಸ್ತಕಗಳು ಬೇರೆ ದಾರಿಯಲ್ಲಿ ಬೇಗ ಬರಲಾರವು. ಕಡತವನ್ನು ಯಂತ್ರಕ್ಕೆ ಕೊಡುವ ಮೊದಲೇ ಅದು ಯಾವ ಕ್ಷೇತ್ರದ್ದು ಎಂದು ಗುರುತು ಹಾಕಿ, ಆ ಕ್ಷೇತ್ರದ ಪದಪಟ್ಟಿಯನ್ನು ಜೊತೆಗಿಡಬೇಕು. ಬಂದ ಅನುವಾದದಲ್ಲಿ ಚಾನೆಲ್, ವಾಹಿನಿ, ಕಾಲುವೆ, ನಾಳ ಈ ನಾಲ್ಕನ್ನೂ ಹುಡುಕಿ ಒಂದೊಂದೇ ವಾಕ್ಯ ನೋಡಬೇಕು. ಇನ್ನೂರು ಪುಟದ ಪುಸ್ತಕಕ್ಕೆ ಇದು ಅರ್ಧ ದಿನದ ಕೆಲಸವೂ ಆಗದು. ಸಂದೇಹ ಉಳಿದರೆ ಕೇಳಬೇಕಾದದ್ದು ಭಾಷಾ ಪಂಡಿತರನ್ನಲ್ಲ, ಆ ಕೆಲಸ ಮಾಡುವವರನ್ನು: ನಾಲೆಯ ನೀರು ಬಿಡುವ ಸೌಡಿ, ನೀರುಗಂಟಿ, ವೆಲ್ಡರ್, ನರ್ಸ್.

ಅವರು ಚಾನೆಲ್ ಎಂದೇ ಹೇಳಿದರೆ ಹಾಗೆಯೇ ಬರೆಯಬೇಕು. ಫಾಲ್ಸ್ ಸೀಲಿಂಗ್ ಕೈಪಿಡಿಯಲ್ಲಿ ‘ಇಂಟರ್‌ಮೀಡಿಯೇಟ್ ಚಾನೆಲ್‌ಗಳ ನಡುವೆ 1220 ಮಿ.ಮೀ. ಅಂತರವಿರಲಿ’ ಎಂಬ ಸಾಲು ಬರುತ್ತದೆ. ಅದನ್ನು ‘ಮಧ್ಯಂತರ ವಾಹಿನಿ’ ಎಂದು ಮಾಡಿದರೆ ಏಣಿಯ ಮೇಲೆ ನಿಂತು ಡ್ರಿಲ್ ಹಿಡಿದವರು ಯಾವ ಪಟ್ಟಿ ಎತ್ತಿಕೊಳ್ಳಬೇಕು?